ಸಯಾಟಿಕಾ: ಕಾಯುವುದಾ, ಇಂಜೆಕ್ಷನ್ನಾ, ಆಪರೇಷನ್ನಾ?

ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು, ಬಂದವರಿಗೆ ಸಲಹೆಗಳ ಕೊರತೆ ಇರುವುದಿಲ್ಲ. ಒಬ್ಬರು ಹಾಸಿಗೆ ಬಿಟ್ಟು ಏಳಬೇಡಿ ಅನ್ನುತ್ತಾರೆ. ಇನ್ನೊಬ್ಬರು ದಿನಾ ನಡೆಯಿರಿ ಅನ್ನುತ್ತಾರೆ. ಮೂರನೆಯವರು ಒಂದೇ ಇಂಜೆಕ್ಷನ್‌ಗೆ ಎದ್ದು ಓಡಾಡಿದ ಕಥೆ ಹೇಳುತ್ತಾರೆ. ನಾಲ್ಕನೆಯವರು ಬೆನ್ನಿನ ಆಪರೇಷನ್ ಮಾಡಿಸಿಕೊಂಡವರ ಪಾಡು ನೋಡಿ ಎಂದು ಹೆದರಿಸುತ್ತಾರೆ. ತಮಾಷೆ ಏನೆಂದರೆ, ನನಗೆ ಇದರಿಂದಲೇ ವಾಸಿಯಾಯಿತು ಎನ್ನುವವರು ಯಾರೂ ಬೇಕೆಂದು ಸುಳ್ಳು ಹೇಳುತ್ತಿಲ್ಲ. ಈ ನೋವು ಬಹಳ ಜನರಿಗೆ ಏನು ಮಾಡಿದರೂ ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯುವ ವಾರದಲ್ಲಿ ಯಾವ ಚಿಕಿತ್ಸೆ ನಡೆಯುತ್ತಿತ್ತೋ, ಹೆಸರು ಅದಕ್ಕೆ ಹೋಗುತ್ತದೆ.

ಹಾಗಾಗಿ ಯಾವ ಚಿಕಿತ್ಸೆ ಒಳ್ಳೆಯದು ಎಂಬಲ್ಲಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು. ನೋವು ಶುರುವಾಗಿ ಎಷ್ಟು ವಾರ ಆಯಿತು? ಕಾಲಿನ ಶಕ್ತಿ ಇದ್ದಷ್ಟೇ ಇದೆಯಾ, ಕುಗ್ಗುತ್ತಿದೆಯಾ? ನೋವು ಎಷ್ಟು ಜೋರು, ಸ್ಕ್ಯಾನ್‌ನಲ್ಲಿ ಏನು ಕಂಡಿತು ಎಂಬುದೆಲ್ಲ ಆಮೇಲೆ. ನನ್ನ ಎಡಗಾಲಿಗೆ ಈ ನೋವು ಬಂದಾಗ ನಾನು ಸರಿಯಾಗಿ ಉಲ್ಟಾ ಮಾಡಿದ್ದೆ. ಮೊದಲ ವಾರವೇ ಸ್ಕ್ಯಾನ್ ಮಾಡಿಸಿ, ವರದಿಯನ್ನು ಹತ್ತು ಸಲ ಓದಿ, ನಿದ್ದೆ ಕೆಡಿಸಿಕೊಂಡೆ. ನಿದ್ದೆ ಹೋಗಿದ್ದು ನೋವಿಗಿಂತ ಜಾಸ್ತಿ ಆ ವರದಿಯಿಂದಲೇ.

ಹೋಲಿಕೆ ಮಾಡುತ್ತಾ ಕೂರಬಾರದ ಸಂದರ್ಭ

ಕೆಲವು ಲಕ್ಷಣಗಳಿದ್ದರೆ ಈ ಬರಹ ಓದುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ನಾಳೆಯಲ್ಲ, ಈಗಲೇ. ಮೂತ್ರ ಬರುತ್ತಿಲ್ಲ, ಅಥವಾ ಬಂದಿದ್ದೇ ತಿಳಿಯುತ್ತಿಲ್ಲ. ಮಲದ ಮೇಲೆ ಹಿಡಿತ ತಪ್ಪಿದೆ. ಸೈಕಲ್ ಸೀಟಿಗೆ ತಾಗುವ ಜಾಗ, ಅಂದರೆ ತೊಡೆಗಳ ಸಂದಿ ಮತ್ತು ಗುದದ ಸುತ್ತ, ಮರಗಟ್ಟಿದೆ. ಎರಡೂ ಕಾಲಿಗೆ ನೋವು ಹರಡಿ ಎರಡೂ ಸೋಲುತ್ತಿವೆ. ಬೆನ್ನುಹುರಿಯ ತುದಿಯಿಂದ ಕುದುರೆ ಬಾಲದಂತೆ ಇಳಿಯುವ ನರಗಳ ಕಟ್ಟು ಒತ್ತಿಹೋದಾಗ ಹೀಗಾಗುತ್ತದೆ. ವೈದ್ಯರು ಇದನ್ನು ಕಾಡಾ ಇಕ್ವೈನಾ ಸಿಂಡ್ರೋಮ್ ಅನ್ನುತ್ತಾರೆ. ಅಪರೂಪ, ಆದರೆ ತಡ ಮಾಡಿದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ಇಲ್ಲಿ ತುರ್ತು ಆಪರೇಷನ್ ಒಂದೇ ದಾರಿ.

ಪಾದ ಎತ್ತಲಾಗದೆ ನಡೆಯುವಾಗ ಬೆರಳು ನೆಲಕ್ಕೆ ಉಜ್ಜುತ್ತಿದ್ದರೂ ವಾರಗಟ್ಟಲೆ ಕಾಯುವಂತಿಲ್ಲ. ಜ್ವರದ ಜೊತೆ ಬೆನ್ನುನೋವು, ಹಿಂದೆ ಕ್ಯಾನ್ಸರ್ ಆಗಿತ್ತು, ಕಾರಣವಿಲ್ಲದೆ ತೂಕ ಇಳಿದಿದೆ, ಜೋರಾಗಿ ಬಿದ್ದ ಮೇಲೆ ಶುರುವಾಯಿತು, ಬಹಳ ಕಾಲ ಸ್ಟೀರಾಯ್ಡ್ ತಿಂದಿದ್ದೀರಿ ಎನ್ನುವ ಯಾವುದೇ ಸಂದರ್ಭದಲ್ಲೂ ಮೊದಲು ವೈದ್ಯರು ನೋಡಲಿ.

ನಿಮ್ಮದು ಸಯಾಟಿಕಾನೇ ಹೌದಾ?

ಸಯಾಟಿಕ್ ನರ ನಮ್ಮ ಮೈಯಲ್ಲೇ ಅತಿ ಉದ್ದದ, ಅತಿ ದಪ್ಪದ ನರ. ಸೊಂಟದ ಕೆಳಭಾಗದಲ್ಲಿ ಬೆನ್ನುಮೂಳೆಯಿಂದ ಹೊರಬರುವ ಐದು ನರಬೇರುಗಳು (ಎಲ್4, ಎಲ್5, ಎಸ್1, ಎಸ್2, ಎಸ್3 ಎಂಬ ಗುರುತಿನವು) ಸೇರಿ ಅದು ಹುಟ್ಟುತ್ತದೆ. ಪಿರ್ರೆಯ ಒಳಗೆ ಹಾದು, ತೊಡೆಯ ಹಿಂದೆ ಇಳಿದು, ಮೊಣಕಾಲಿನ ಹತ್ತಿರ ಕವಲೊಡೆದು ಪಾದ ತಲುಪುತ್ತದೆ. ಹೆಸರು ನರದ್ದಾದರೂ ತೊಂದರೆ ಸಾಮಾನ್ಯವಾಗಿ ಬೇರಿನಲ್ಲಿರುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ಬೇರನ್ನು ಒತ್ತುತ್ತದೆ, ಅದರ ಒಳಗಿನ ಮೆತ್ತನೆ ತಿರುಳು ತಾಗಿ ಬೇರು ಊದಿಕೊಂಡು ಉರಿಯುತ್ತದೆ. ಒತ್ತಡ ಮತ್ತು ಉರಿಯೂತ ಎರಡೂ ಇವೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಉರಿಯೂತ ಇಳಿದರೆ ಡಿಸ್ಕ್ ಅಲ್ಲೇ ಇದ್ದರೂ ನೋವು ಹೋಗಬಹುದು.

ಬರೀ ಸೊಂಟನೋವಿಗೂ ಇದಕ್ಕೂ ವ್ಯತ್ಯಾಸ ಸುಲಭ. ಸಯಾಟಿಕಾದಲ್ಲಿ ಸೊಂಟಕ್ಕಿಂತ ಕಾಲಿನ ನೋವೇ ಜಾಸ್ತಿ. ಅದು ಒಂದು ಗೆರೆ ಎಳೆದಂತೆ ಮೊಣಕಾಲು ದಾಟಿ ಕೆಳಗಿಳಿಯುತ್ತದೆ. ಕರೆಂಟ್ ಹೊಡೆದ ಹಾಗೆ, ಸುಟ್ಟ ಹಾಗೆ ಇರುತ್ತದೆ. ಕೆಮ್ಮಿದರೆ, ಸೀನಿದರೆ ಚುಚ್ಚುತ್ತದೆ. ಗೆರೆ ಎಲ್ಲಿ ಮುಗಿಯುತ್ತದೆ ಎಂಬುದೂ ಮಾಹಿತಿಯೇ. ಜೋಮು ಪಾದದ ಮೇಲ್ಭಾಗ ಮತ್ತು ಹೆಬ್ಬೆರಳಿನ ಕಡೆ ಇದ್ದರೆ ಎಲ್5 ಬೇರಿನ ಮೇಲೆ ಅನುಮಾನ. ಪಾದದ ಹೊರ ಅಂಚು, ಕಿರುಬೆರಳಿನ ಕಡೆ ಇದ್ದರೆ ಎಸ್1. ಹೆಚ್ಚಿನ ಪ್ರಕರಣಗಳು ಈ ಎರಡು ಬೇರುಗಳದ್ದೇ.

ಆದರೆ ಕಾಲಿಗೆ ಇಳಿಯುವ ನೋವೆಲ್ಲ ಡಿಸ್ಕಿನದಲ್ಲ. ಇಲ್ಲೇ ಬಹಳ ಜನ ಎಡವುತ್ತಾರೆ, ಯಾಕೆಂದರೆ ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಟ್ಟದ್ದು.

ಡಿಸ್ಕ್ ನೋವು ಕೂತಾಗ, ಮುಂದೆ ಬಾಗಿದಾಗ ಸಾಮಾನ್ಯವಾಗಿ ಏರುತ್ತದೆ. ನಿಂತು ನಾಲ್ಕು ಹೆಜ್ಜೆ ನಡೆದರೆ ಸ್ವಲ್ಪ ಹಗುರ. ವಯಸ್ಸಾದವರಲ್ಲಿ ಬೆನ್ನುಹುರಿಯ ಕೊಳವೆಯೇ ಕಿರಿದಾಗುವ ಸ್ಟೆನೋಸಿಸ್ ಇದಕ್ಕೆ ತದ್ವಿರುದ್ಧ. ನಿಂತರೆ, ನಡೆದರೆ ಕಾಲು ಭಾರವಾಗಿ ನೋಯುತ್ತದೆ. ಕೂತರೆ, ಮುಂದೆ ಬಾಗಿದರೆ ಆರಾಮ. ತಳ್ಳುಗಾಡಿ ಹಿಡಿದು ಬಾಗಿಕೊಂಡು ಎಷ್ಟು ದೂರ ಬೇಕಾದರೂ ಹೋಗುತ್ತೇನೆ, ನೆಟ್ಟಗೆ ನಡೆದರೆ ಮಾತ್ರ ಆಗಲ್ಲ ಎನ್ನುವವರಿಗೆ ಇದೇ ಇರುವ ಸಾಧ್ಯತೆ ಜಾಸ್ತಿ. ರಕ್ತನಾಳ ಕಟ್ಟಿಕೊಂಡರೂ ನಡೆದಾಗ ಮೀನಖಂಡ ನೋಯುತ್ತದೆ, ಆದರೆ ಅವರಿಗೆ ಕೂರಬೇಕೆಂದೇನಿಲ್ಲ, ಸುಮ್ನೆ ನಿಂತರೂ ಇಳಿಯುತ್ತದೆ.

ಪಿರ್ರೆಯ ಆಳದಲ್ಲಿರುವ ಪಿರಿಫಾರ್ಮಿಸ್ ಸ್ನಾಯು ನರವನ್ನು ಒತ್ತಿದರೂ ಇದೇ ಥರದ ನೋವು ಬರುತ್ತದೆ. ಸೊಂಟದಲ್ಲಿ ಏನೂ ಇರುವುದಿಲ್ಲ, ಗಟ್ಟಿ ಜಾಗದಲ್ಲಿ ಕೂತಾಗ ಪಿರ್ರೆಯೇ ಮುಖ್ಯವಾಗಿ ನೋಯುತ್ತದೆ. ಇದರ ಹೆಸರು ಕೇಳಿಬರುವಷ್ಟು ಕಾಯಿಲೆ ನಿಜವಾಗಿ ಇರುವುದಿಲ್ಲ ಎಂಬುದು ನನ್ನ ಅನುಮಾನ. ಡಿಸ್ಕ್ ಎಂಬ ಮಾತು ಕೇಳಲು ಇಷ್ಟವಿಲ್ಲದವರಿಗೆ ಇದು ಹಿತವಾದ ಹೆಸರು, ಅಷ್ಟೇ.

ತೊಡೆಸಂದಿಯಲ್ಲಿ ನೋವು, ಕಾಲು ಒಳಕ್ಕೆ ತಿರುಗಿಸಿದರೆ ಬಿಗಿತ, ಕೂತು ಕಾಲ್ಚೀಲ ಹಾಕಿಕೊಳ್ಳುವುದೇ ಕಷ್ಟ ಎಂದಾದರೆ ಸೊಂಟದ ಕೀಲು, ಅಂದರೆ ತೊಡೆಮೂಳೆ ಕೂಡುವ ಹಿಪ್ ಕೀಲು, ಸವೆದಿರಬಹುದು. ಈ ಗೊಂದಲ ಇವತ್ತಿನದಲ್ಲ. ಸೊಂಟದ ಕೀಲಿನ ನೋವು ಬೇರೆ, ನರದ ನೋವು ಬೇರೆ ಎಂದು ಇಟಲಿಯ ವೈದ್ಯ ಡೊಮೆನಿಕೊ ಕೊಟುನ್ಯೊ 1764ರಲ್ಲೇ ಬಿಡಿಸಿ ಬರೆದಿದ್ದ. ಡಿಸ್ಕ್ ಒಡೆದು ಬೇರನ್ನು ಒತ್ತುತ್ತದೆ ಎಂಬುದನ್ನು ಮಿಕ್ಸ್ಟರ್ ಮತ್ತು ಬಾರ್ ಎಂಬ ಅಮೆರಿಕದ ಇಬ್ಬರು ಶಸ್ತ್ರವೈದ್ಯರು ಎಲ್ಲರೂ ಒಪ್ಪುವಂತೆ ತೋರಿಸಿದ್ದು 1934ರಲ್ಲಿ. ನಡುವೆ 170 ವರ್ಷ!

ಸ್ಕ್ಯಾನ್: ಈಗಲೋ, ಆಮೇಲೋ

ಶಕ್ತಿ ಕುಗ್ಗಿಲ್ಲ, ಅಪಾಯದ ಲಕ್ಷಣ ಯಾವುದೂ ಇಲ್ಲ ಎಂದಾದರೆ ಮೊದಲ ಆರು ವಾರ ಎಂಆರ್‌ಐ ಬೇಡ. ಕಾರಣ ಸರಳ. ಅದರಲ್ಲಿ ಏನು ಕಂಡರೂ ಆ ಆರು ವಾರ ಮಾಡುವುದು ಅದನ್ನೇ.

ಇನ್ನೊಂದು ಕಾರಣವೂ ಇದೆ. ನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಲೆಕ್ಕವೊಂದು 2015ರಲ್ಲಿ ಬಂತು. 20ರ ವಯಸ್ಸಿನವರಲ್ಲೇ ಸುಮಾರು ಶೇ. 30 ಜನಕ್ಕೆ ಡಿಸ್ಕ್ ಉಬ್ಬಿತ್ತು. 80ರವರಲ್ಲಿ ಶೇ. 84. ಇವರಿಗೆಲ್ಲ ನೋವು ಸೊನ್ನೆ. ಅಂದರೆ ವರದಿಯಲ್ಲಿ ಉಬ್ಬು, ಸವೆತ, ನೀರಿನಂಶ ಕಡಿಮೆ ಎಂದೆಲ್ಲ ಬರೆದಿರುವುದು ನೆರೆತ ಕೂದಲಿನ ಹಾಗೆ ವಯಸ್ಸಿನ ಗುರುತೂ ಇರಬಹುದು. ಸ್ಕ್ಯಾನ್ ಉಪಯೋಗಕ್ಕೆ ಬರುವುದು ಇಂಜೆಕ್ಷನ್ ಅಥವಾ ಆಪರೇಷನ್ ಬಗ್ಗೆ ನಿಜವಾಗಿ ಯೋಚಿಸುವಾಗ. ಆಗಲೂ ನೋವಿನ ಗೆರೆ ಮತ್ತು ಸ್ಕ್ಯಾನ್‌ನಲ್ಲಿ ಒತ್ತಿರುವ ಬೇರು ಒಂದಕ್ಕೊಂದು ಹೊಂದಬೇಕು. ಬಲಗಾಲು ನೋಯುತ್ತಿದ್ದು ಡಿಸ್ಕ್ ಎಡಕ್ಕೆ ಚಾಚಿದ್ದರೆ, ಆ ಡಿಸ್ಕ್ ಅಪರಾಧಿಯಲ್ಲ.

ಎಕ್ಸ್‌ರೇಯಲ್ಲಿ ಡಿಸ್ಕೂ ಕಾಣುವುದಿಲ್ಲ, ನರವೂ ಕಾಣುವುದಿಲ್ಲ. ಮೂಳೆ ಮುರಿದಿದೆಯೋ, ಜಾರಿದೆಯೋ ಎಂದು ನೋಡಲು ಸರಿ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಬೇಡಿ.

ಹಾಸಿಗೆಯೋ, ಓಡಾಟವೋ

ಈ ವಾದಕ್ಕೆ ನೇರ ಉತ್ತರ ಇದೆ. ನೆದರ್ಲೆಂಡ್ಸ್‌ನಲ್ಲಿ ಸಯಾಟಿಕಾ ಇದ್ದ 183 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವಾರ ಹಾಸಿಗೆ. ಇನ್ನೊಂದಕ್ಕೆ ಆದಷ್ಟು ಎದ್ದು ಓಡಾಡಿಕೊಂಡಿರಿ ಎಂಬ ಮಾತು. ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಎರಡು ವಾರಕ್ಕೆ ಮಲಗಿದವರಲ್ಲಿ ಶೇ. 70, ಓಡಾಡಿದವರಲ್ಲಿ ಶೇ. 65 ಸುಧಾರಿಸಿದ್ದರು. ಅಷ್ಟು ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. 12 ವಾರಕ್ಕೆ ಎರಡೂ ಕಡೆ ಶೇ. 87.

ಅಂದರೆ ಮಲಗಿದರೆ ಬೇಗ ವಾಸಿಯಾಗುವುದಿಲ್ಲ. ಎದ್ದು ಓಡಾಡಿದರೆ ನರ ಹಾಳಾಗುವುದೂ ಇಲ್ಲ. ಹಾಗಿದ್ದ ಮೇಲೆ ಎರಡು ವಾರ ಮಲಗಿ ಸ್ನಾಯುಗಳನ್ನು ಯಾಕೆ ಸೊರಗಿಸಬೇಕು? ನಿಲ್ಲಲೂ ಆಗದ ಮೊದಲ ಒಂದೆರಡು ದಿನ ಮಲಗಿ, ತಪ್ಪಿಲ್ಲ. ಮಗ್ಗುಲಾಗಿ ಮಲಗಿದರೆ ಮಂಡಿಗಳ ನಡುವೆ ದಿಂಬು, ಅಂಗಾತ ಮಲಗಿದರೆ ಮಂಡಿಗಳ ಕೆಳಗೆ ದಿಂಬು. ಆಮೇಲೆ ಎದ್ದು ಐದೈದು ನಿಮಿಷದ ನಡಿಗೆ, ದಿನಕ್ಕೆ ಆರೇಳು ಸಲ. ಒಂದೇ ಸಲ ಅರ್ಧ ಗಂಟೆ ನಡೆದು ಸಾಹಸ ತೋರಿಸುವುದಕ್ಕಿಂತ ಇದು ಮೇಲು. ಕೂರುವುದು ಮಾತ್ರ ಕಡಿಮೆ ಇರಲಿ. 20-30 ನಿಮಿಷಕ್ಕೊಮ್ಮೆ ಎದ್ದು ನಿಲ್ಲಿ. ನನಗೆ ಅತಿ ಹೆಚ್ಚು ಕಾಟ ಕೊಟ್ಟಿದ್ದು ಮೆತ್ತನೆಯ ಸೋಫಾ. ಗಟ್ಟಿ ಕುರ್ಚಿ ಎಷ್ಟೋ ವಾಸಿ.

ಮಾತ್ರೆಗಳಲ್ಲಿ ಯಾವುದು

ಇಲ್ಲಿ ಸ್ವಲ್ಪ ನಿರಾಸೆ ಇದೆ, ಮೊದಲೇ ಹೇಳಿಬಿಡುತ್ತೇನೆ.

ಐಬುಪ್ರೊಫೇನ್, ನೆಪ್ರಾಕ್ಸೆನ್ ಥರದ ಉರಿಯೂತ ಇಳಿಸುವ ಮಾತ್ರೆಗಳು ಮೊದಲ ಆಯ್ಕೆ. ಕಾಲಿನ ನೋವಿಗೆ ಇವು ಭಾರಿ ಪರಿಣಾಮ ಮಾಡುತ್ತವೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಆದರೂ ಕೆಲವರಿಗೆ ನಿದ್ದೆ ಬರುವಷ್ಟು ಆರಾಮ ಸಿಗುತ್ತದೆ. ಕಡಿಮೆ ಡೋಸ್, ಕಡಿಮೆ ದಿನ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಕಾಯಿಲೆ ಇದ್ದವರು, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಪ್ಯಾರಸಿಟಮಾಲ್ ಸುರಕ್ಷಿತ, ಆದರೆ ನರದ ನೋವಿಗೆ ಅದೊಂದೇ ಸಾಲದು.

ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಕಥೆ ಬೇರೆ. ನರದ ನೋವಿನ ಮಾತ್ರೆ ಎಂದು ಹೆಸರಿರುವುದರಿಂದ ಸಯಾಟಿಕಾಕ್ಕೂ ಕೆಲಸ ಮಾಡಲೇಬೇಕು ಎಂದು ಅನ್ನಿಸುತ್ತದೆ, ಅಲ್ವಾ? ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವಾಗ ಪ್ರಿಗ್ಯಾಬಲಿನ್ ನಿಜಕ್ಕೂ ಉಪಯೋಗ. ಆದರೆ ಸಯಾಟಿಕಾ ಇದ್ದ 209 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರಿಗ್ಯಾಬಲಿನ್ ತಿಂದವರಿಗೂ ಔಷಧವೇ ಇಲ್ಲದ ಖಾಲಿ ಮಾತ್ರೆ ತಿಂದವರಿಗೂ ನೋವಿನಲ್ಲಿ ವ್ಯತ್ಯಾಸ ಬರಲಿಲ್ಲ. ವ್ಯತ್ಯಾಸ ಬಂದಿದ್ದು ತಲೆಸುತ್ತು ಮುಂತಾದ ಅಡ್ಡಪರಿಣಾಮಗಳಲ್ಲಿ: ಪ್ರಿಗ್ಯಾಬಲಿನ್ ಕಡೆ 227 ಸಲ, ಖಾಲಿ ಮಾತ್ರೆ ಕಡೆ 124 ಸಲ. ಸಯಾಟಿಕಾಕ್ಕೆ ಈ ಗುಂಪಿನ ಮಾತ್ರೆಗಳನ್ನು ಕೊಡಬೇಡಿ ಎಂದು ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ ವೈದ್ಯರಿಗೆ ಹೇಳಿತು. ಈಗಾಗಲೇ ತಿನ್ನುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಬೇರೆ ತೊಂದರೆ ಶುರುವಾಗುತ್ತದೆ. ವೈದ್ಯರ ಜೊತೆ ಮಾತಾಡಿ ಮೆಲ್ಲಗೆ ಇಳಿಸಬೇಕು.

ಸ್ಟೀರಾಯ್ಡ್ ಮಾತ್ರೆಯೂ ಅಷ್ಟೇ. 269 ಜನರ ಮೇಲಿನ 2015ರ ಪ್ರಯೋಗದಲ್ಲಿ 15 ದಿನದ ಕೋರ್ಸ್‌ನಿಂದ ಓಡಾಟ ಸ್ವಲ್ಪ ಸುಧಾರಿಸಿತು, ನೋವು ಇಳಿಯಲಿಲ್ಲ. ಅಫೀಮು ಜಾತಿಯ ಮಾತ್ರೆಗಳನ್ನು ತಿಂಗಳುಗಟ್ಟಲೆ ತಿನ್ನುವ ದಾರಿಗೆ ಇಳಿಯಲೇಬೇಡಿ. ನೋವು ಉಳಿದು, ಮಲಬದ್ಧತೆ ಮತ್ತು ಚಟ ಎರಡು ಹೊಸದಾಗಿ ಸೇರುತ್ತವೆ.

ವ್ಯಾಯಾಮ: ಮುಂದೆ ಬಾಗುವುದೋ, ಹಿಂದೆ ಬಾಗುವುದೋ

ವಿಡಿಯೊ ನೋಡಿ ವ್ಯಾಯಾಮ ಮಾಡುವವರು ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ. ಒಬ್ಬರು ಮಂಡಿ ಎದೆಗೆ ಎಳೆದುಕೊಳ್ಳಿ ಅನ್ನುತ್ತಾರೆ. ಇನ್ನೊಬ್ಬರು ಬೋರಲು ಮಲಗಿ ಕೈ ಊರಿ ಎದೆ ಎತ್ತಿ ಅನ್ನುತ್ತಾರೆ. ಇಬ್ಬರೂ ಸರಿ, ಬೇರೆ ಬೇರೆ ರೋಗಿಗಳಿಗೆ.

ಯಾವುದು ನಿಮ್ಮದು ಎಂದು ತಿಳಿಯಲು ನ್ಯೂಜಿಲೆಂಡಿನ ಫಿಸಿಯೊಥೆರಪಿಸ್ಟ್ ರಾಬಿನ್ ಮೆಕೆಂಜಿ ಕಂಡುಕೊಂಡ ಗುರುತು ಬಹಳ ಉಪಯೋಗಕ್ಕೆ ಬರುತ್ತದೆ. ಒಂದು ಚಲನೆಯನ್ನು ಎಂಟು ಹತ್ತು ಸಲ ಮಾಡಿ. ಪಾದದಲ್ಲಿದ್ದ ನೋವು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಸೊಂಟಕ್ಕೆ ಹೀಗೆ ಮೇಲಕ್ಕೆ ಸರಿಯಿತಾ? ಹಾಗಾದರೆ ಅದು ನಿಮ್ಮ ವ್ಯಾಯಾಮ. ಸೊಂಟದಲ್ಲಿ ನೋವು ಆ ಹೊತ್ತಿಗೆ ಸ್ವಲ್ಪ ಏರಿದರೂ ಪರವಾಗಿಲ್ಲ. ನೋವು ಕೆಳಕ್ಕೆ ಇಳಿದು ಪಾದ ಮುಟ್ಟಿತಾ? ಆ ಚಲನೆ ಈಗ ಬೇಡ. ಡಿಸ್ಕಿನವರಲ್ಲಿ ಹಿಂದೆ ಬಾಗುವುದು, ಸ್ಟೆನೋಸಿಸ್ ಇದ್ದವರಲ್ಲಿ ಮುಂದೆ ಬಾಗುವುದು ಸಾಮಾನ್ಯವಾಗಿ ಹೊಂದುತ್ತದೆ. ಆದರೆ ಕಾಯಿಲೆಯ ಹೆಸರನ್ನು ನಂಬುವುದಕ್ಕಿಂತ ನೋವು ಹೋಗುವ ದಿಕ್ಕನ್ನು ನಂಬಿ.

ಎಲ್ಲರೂ ಮಾಡುವ ಒಂದು ತಪ್ಪು ಹೇಳುತ್ತೇನೆ. ತೊಡೆಯ ಹಿಂದೆ ಬಿಗಿತ ಇದೆಯಲ್ಲ ಎಂದು ಕಾಲು ನೀಟಾಗಿ ಚಾಚಿ, ಬೆರಳು ಮುಟ್ಟಲು ಬಗ್ಗಿ ಎಳೆಯುತ್ತಾರೆ. ಆ ಬಿಗಿತ ಸ್ನಾಯುವಿನದಲ್ಲ. ಊದಿಕೊಂಡ ನರ ತನ್ನನ್ನು ಎಳೆಯಬೇಡ ಎಂದು ತಡೆಯುತ್ತಿದೆ. ಅಂಗಾತ ಮಲಗಿಸಿ ನೇರ ಕಾಲು ಎತ್ತಿ 30ರಿಂದ 70 ಡಿಗ್ರಿಯ ನಡುವೆ ನೋವು ಬರುತ್ತದಾ ಎಂದು ವೈದ್ಯರು ನೋಡುವುದು ಇದೇ ಕಾರಣಕ್ಕೆ. ಪರೀಕ್ಷೆಗೆಂದು ಒಮ್ಮೆ ಮಾಡುವುದನ್ನು ದಿನಾ ಹತ್ತು ಸಲ ಮಾಡಿದರೆ ನರ ಇನ್ನಷ್ಟು ಕೆರಳುತ್ತದೆ. ನಾನೂ ಇದನ್ನು ಹದಿನೈದು ದಿನ ಶ್ರದ್ಧೆಯಿಂದ ಮಾಡಿದ್ದೆ. ಕೂತು ಮಂಡಿಯನ್ನು ನಿಧಾನವಾಗಿ ಚಾಚಿ ಮಡಚುತ್ತಾ ನರವನ್ನು ಹಿಂದೆ ಮುಂದೆ ಜಾರಿಸುವ ಹಗುರ ವ್ಯಾಯಾಮ ಬೇರೆ, ಹಿಡಿದು ಎಳೆಯುವುದು ಬೇರೆ.

ಫಿಸಿಯೊ ಹತ್ತಿರ ಹೋಗಬೇಕಾ, ಮನೆಯಲ್ಲೇ ಸಾಕಾ? ನೋವಿನ ದಿಕ್ಕು ನಿಮಗೇ ಸ್ಪಷ್ಟವಾಗಿ ಗೊತ್ತಾಗುತ್ತಿದ್ದರೆ ಮನೆ ಸಾಕು. ಗೊತ್ತಾಗದಿದ್ದರೆ, ಹೆದರಿಕೆಯಿಂದ ಅಲುಗಾಡುವುದನ್ನೇ ಬಿಟ್ಟಿದ್ದರೆ, ಎರಡು ಮೂರು ಸಲವಾದರೂ ಹೋಗಿ. ಬೇಗ ಹೋದವರಿಗೆ ಲಾಭ ಇದೆ, ಆದರೆ ಸಾಧಾರಣ ಮಟ್ಟದ್ದು. ಹೋದರೆ ಒಂದು ವಿಷಯ ಗಮನಿಸಿ. ನಿಮ್ಮ ಕೈಯಲ್ಲಿ ವ್ಯಾಯಾಮ ಮಾಡಿಸದೆ, ಮಷಿನ್ ಹಚ್ಚಿ ಮಲಗಿಸಿ ಕಳಿಸುವ ಜಾಗಕ್ಕೆ ಮತ್ತೆ ಹೋಗುವ ಅಗತ್ಯವಿಲ್ಲ.

ಶಾಖ, ಬೆಲ್ಟ್, ಮಸಾಜ್, ಎಳೆತ

ಬೇಗ ಮುಗಿಸುತ್ತೇನೆ. ಶಾಖವೋ ಐಸೋ, ನಿಮಗೆ ಹಿತವಾದದ್ದು. ನರದ ಬೇರು ಇಂಚುಗಟ್ಟಲೆ ಆಳದಲ್ಲಿದೆ, ಎರಡೂ ಅಲ್ಲಿಗೆ ತಲುಪುವುದಿಲ್ಲ. ಬಿಗಿದ ಸ್ನಾಯು ಸಡಿಲವಾಗುತ್ತದೆ, ಅಷ್ಟು ಸಾಕು. ಜೋಮು ಹಿಡಿದ ಜಾಗಕ್ಕೆ ಮಾತ್ರ ಇಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಮಸಾಜ್‌ನಿಂದ ಮೈ ಹಗುರವಾಗುತ್ತದೆ, ಡಿಸ್ಕ್ ಒಳಗೆ ಹೋಗುವುದಿಲ್ಲ. ಬೆಲ್ಟ್ ಮತ್ತು ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವುದು) ಎರಡನ್ನೂ ನೈಸ್ ಮಾರ್ಗಸೂಚಿ ಬೇಡ ಅನ್ನುತ್ತದೆ. ಶಕ್ತಿ ಕುಗ್ಗುತ್ತಿರುವಾಗ ಬೆನ್ನನ್ನು ಜೋರಾಗಿ ತಿರುಚಿ ಲಟಕ್ ಎನ್ನಿಸುವವರ ಹತ್ತಿರ ಹೋಗಲೇಬೇಡಿ.

ಇಂಜೆಕ್ಷನ್: ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಬೇರಿನ ಹತ್ತಿರ, ಬೆನ್ನುಹುರಿಯ ಹೊದಿಕೆಯ ಹೊರಗೆ ಸ್ಟೀರಾಯ್ಡ್ ಬಿಡುವುದನ್ನು ಎಪಿಡ್ಯೂರಲ್ ಇಂಜೆಕ್ಷನ್ ಅನ್ನುತ್ತಾರೆ. ಅದು ಉರಿಯೂತ ಇಳಿಸುತ್ತದೆ. ಡಿಸ್ಕನ್ನು ಕರಗಿಸುವುದಿಲ್ಲ. ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದರೆ ಸರಾಸರಿ ಲಾಭ ಸಣ್ಣದು, ಅದೂ ಕೆಲವು ವಾರಗಳದ್ದು. ಒಂದು ವರ್ಷದ ನಂತರ ಇಂಜೆಕ್ಷನ್ ತೆಗೆದುಕೊಂಡವರಿಗೂ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ಯಾಕೆ ಬೇಕು? ಆ ಕೆಲವು ವಾರಗಳಿಗಾಗಿ. ರಾತ್ರಿ ನಿದ್ದೆಯಿಲ್ಲ, ವ್ಯಾಯಾಮಕ್ಕೂ ಏಳಲಾಗುತ್ತಿಲ್ಲ, ಆಪರೇಷನ್ ಬೇಡ ಎಂದಿರುವವರಿಗೆ ಅದು ಕಾಲ ತಳ್ಳಲು ಸಿಗುವ ಸಹಾಯ. ದೇಹ ತನ್ನ ಕೆಲಸ ಮುಗಿಸುವವರೆಗೆ ನೋವನ್ನು ತಗ್ಗಿಸಿಟ್ಟಿರುತ್ತದೆ. ಇಷ್ಟು ತಿಳಿದು ತೆಗೆದುಕೊಂಡರೆ ಒಳ್ಳೆಯ ಆಯ್ಕೆ. ಶಾಶ್ವತ ಪರಿಹಾರ ಎಂದುಕೊಂಡು ತೆಗೆದುಕೊಂಡರೆ ಎರಡು ತಿಂಗಳಿಗೆ ನಿರಾಸೆ. ಒಂದು ಸಲ ಏನೂ ಆಗದಿದ್ದರೆ ಎರಡನೆಯದು, ಮೂರನೆಯದು ಎಂದು ಸಾಲಾಗಿ ಹಾಕಿಸಿಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಸ್ಟೆನೋಸಿಸ್‌ನವರಿಗೆ ಇದು ಇನ್ನೂ ಕಡಿಮೆ ಉಪಯೋಗ. 400 ಜನರ ಮೇಲೆ ನಡೆದ 2014ರ ಪ್ರಯೋಗದಲ್ಲಿ ಬರೀ ಮರಗಟ್ಟಿಸುವ ಔಷಧಕ್ಕೂ, ಅದರ ಜೊತೆ ಸ್ಟೀರಾಯ್ಡ್ ಸೇರಿಸಿದ್ದಕ್ಕೂ ಆರು ವಾರದಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಇಂಜೆಕ್ಷನ್ ನಂತರ ಕೆಲವು ದಿನ ಸಕ್ಕರೆ ಏರುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಮೊದಲೇ ಹೇಳಬೇಕು. ಪಾರ್ಶ್ವವಾಯು, ಕಣ್ಣು ಹೋಗುವುದು ಮುಂತಾದ ಗಂಭೀರ ತೊಂದರೆಗಳು ಅಪರೂಪಕ್ಕೆ ಆಗುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಸಿದೆ.

ಆಪರೇಷನ್: ಈಗ ಮಾಡಿಸಿದರೆ, ಕಾದು ಮಾಡಿಸಿದರೆ

ಎಲ್ಲರೂ ಹೆದರುವ ಆಯ್ಕೆ ಇದು. ಆದರೆ ಎರಡೂ ಕಡೆ ನ್ಯಾಯವಾಗಿ ಹೋಲಿಸಲು ಒಳ್ಳೆಯ ಲೆಕ್ಕ ಇರುವುದೂ ಇದಕ್ಕೇ.

ನೆದರ್ಲೆಂಡ್ಸ್‌ನ ಇನ್ನೊಂದು ಪ್ರಯೋಗ, 2007ರಲ್ಲಿ ಬಂದದ್ದು. ಆರರಿಂದ 12 ವಾರ ಜೋರಾಗಿ ನೋವು ಅನುಭವಿಸಿದ 283 ಜನ. ಅರ್ಧ ಜನಕ್ಕೆ ಬೇಗ ಆಪರೇಷನ್. ಉಳಿದವರಿಗೆ ಕಾಯುವುದು, ತೀರಾ ಆಗದಿದ್ದರೆ ಆಮೇಲೆ ಆಪರೇಷನ್. ಬೇಗ ಮಾಡಿಸಿದವರು ಸುಮಾರು ನಾಲ್ಕು ವಾರದಲ್ಲಿ ಚೇತರಿಸಿಕೊಂಡರು. ಕಾದವರಿಗೆ ಸುಮಾರು 12 ವಾರ ಹಿಡಿಯಿತು. ವರ್ಷದ ಕೊನೆಗೆ ನೋಡಿದರೆ ಎರಡೂ ಗುಂಪಿನಲ್ಲಿ ಶೇ. 95 ಜನ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನಲ್ಲಿ ಶೇ. 39 ಜನ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು. ಉಳಿದವರಿಗೆ ಅದರ ಅಗತ್ಯವೇ ಬರಲಿಲ್ಲ.

ಈ ಅಂಕಿಗಳನ್ನು ನಾನು ಓದುವುದು ಹೀಗೆ. ಶಕ್ತಿ ಕುಗ್ಗದಿದ್ದರೆ ಆಪರೇಷನ್ ಎಂದರೆ ಗಡಿಯಾರವನ್ನು ಮುಂದೆ ತಿರುಗಿಸುವುದು. ತಲುಪುವ ಊರು ಒಂದೇ, ಬೇಗ ತಲುಪಿಸುತ್ತದೆ. ಎರಡು ತಿಂಗಳು ಮೊದಲೇ ಆರಾಮವಾಗುವುದು ನಿಮಗೆ ಎಷ್ಟು ಮುಖ್ಯ ಎಂಬುದು ನಿಮ್ಮ ಪ್ರಶ್ನೆ, ವೈದ್ಯರದ್ದಲ್ಲ. ನಿಂತು ಕೆಲಸ ಮಾಡಲೇಬೇಕಾದವರು, ಕೈಗೂಸಿನ ತಾಯಿ, ರಾತ್ರಿಯಿಡೀ ಕೂತು ಕಳೆಯುತ್ತಿರುವವರು ಬೇಗ ಮಾಡಿಸಿಕೊಂಡರೆ ಅದು ಅವಸರವಲ್ಲ. ನೋವಿದ್ದರೂ ಹೇಗೋ ನಡೆಯುತ್ತಿದೆ, ವಾರದಿಂದ ವಾರಕ್ಕೆ ಸ್ವಲ್ಪ ಇಳಿಯುತ್ತಿದೆ ಎನ್ನುವವರು ಕಾದರೆ ಅದು ಹೇಡಿತನವೂ ಅಲ್ಲ.

ಆದರೆ ಎಷ್ಟು ದಿನ ಬೇಕಾದರೂ ಕಾಯಬಹುದು ಎಂದು ಇದರ ಅರ್ಥವಲ್ಲ. ನಾಲ್ಕರಿಂದ 12 ತಿಂಗಳು ನೋವು ಉಳಿದುಬಿಟ್ಟ 128 ಜನರ ಮೇಲೆ ಕೆನಡಾದಲ್ಲಿ ನಡೆದ ಪ್ರಯೋಗ 2020ರಲ್ಲಿ ಬಂತು. ಆರು ತಿಂಗಳ ನಂತರ ಹತ್ತರ ಅಳತೆಯಲ್ಲಿ ಕಾಲುನೋವು ಆಪರೇಷನ್ ಗುಂಪಿನಲ್ಲಿ 2.8, ಆಪರೇಷನ್ ಇಲ್ಲದ ಚಿಕಿತ್ಸೆಯ ಗುಂಪಿನಲ್ಲಿ 5.2. ಇದು ದೊಡ್ಡ ಅಂತರ. ಅಂದರೆ ನಾಲ್ಕು ತಿಂಗಳು ದಾಟಿಯೂ ಇಳಿಯದ ನೋವು ಇನ್ನೂ ಕಾದರೆ ತಾನಾಗಿ ಹೋಗುವ ಸಾಧ್ಯತೆ ಕಡಿಮೆ.

ಒಂದು ವಿಚಿತ್ರವನ್ನೂ ಹೇಳಬೇಕು. ಸ್ಕ್ಯಾನ್‌ನಲ್ಲಿ ಅತಿ ಭಯಂಕರವಾಗಿ ಕಾಣುವ ಡಿಸ್ಕ್, ಅಂದರೆ ತುಂಡಾಗಿ ಹೊರಬಿದ್ದಿರುವುದು, ತಾನಾಗಿ ಕರಗುವ ಸಾಧ್ಯತೆ ಸಣ್ಣ ಉಬ್ಬಿಗಿಂತ ಜಾಸ್ತಿ. ಹೊರಬಿದ್ದ ತುಂಡನ್ನು ದೇಹ ಹೊರಗಿನ ವಸ್ತು ಎಂದುಕೊಂಡು ರಕ್ಷಕ ಕಣಗಳನ್ನು ಕಳಿಸಿ ತಿಂದುಹಾಕುತ್ತದೆ. ಹಾಗಾಗಿ ಡಿಸ್ಕ್ ಇಷ್ಟು ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಆಪರೇಷನ್‌ಗೆ ಒಪ್ಪಬೇಡಿ.

ಯಾವ ಬಗೆಯ ಆಪರೇಷನ್ ಎಂಬ ಪ್ರಶ್ನೆಗೆ ಜನ ಕೊಡುವಷ್ಟು ಮಹತ್ವ ಬೇಕಿಲ್ಲ. ಮೈಕ್ರೋಸ್ಕೋಪ್ ಇಟ್ಟುಕೊಂಡು ಸಣ್ಣ ಗಾಯ ಮಾಡಿ ಡಿಸ್ಕಿನ ತುಂಡು ತೆಗೆಯುವ ಮೈಕ್ರೋಡಿಸೆಕ್ಟಮಿ ಹಳೆಯ, ಪಳಗಿದ ದಾರಿ. ಎಂಡೋಸ್ಕೋಪ್ ಕೊಳವೆ ತೂರಿಸಿ ಮಾಡುವುದು ಹೊಸದು, ಗಾಯ ಇನ್ನೂ ಚಿಕ್ಕದು. 613 ಜನರಲ್ಲಿ ಎರಡನ್ನೂ ಹೋಲಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಎಂಡೋಸ್ಕೋಪ್ ಹಿಂದೆ ಬೀಳಲಿಲ್ಲ. ಹಾಗಾಗಿ ಯಂತ್ರಕ್ಕಿಂತ, ಆ ವೈದ್ಯರಿಗೆ ಯಾವುದರಲ್ಲಿ ಕೈ ಪಳಗಿದೆ ಎಂದು ಕೇಳಿ. ಬರೀ ಡಿಸ್ಕ್ ಒತ್ತಿ ಕಾಲು ನೋಯುತ್ತಿರುವಾಗ ಸ್ಕ್ರೂ, ರಾಡ್ ಹಾಕಿ ಮೂಳೆಗಳನ್ನು ಬೆಸೆಯುವ ಮಾತು ಬಂದರೆ ಮಾತ್ರ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯದೆ ಹೂಂ ಅನ್ನಬೇಡಿ. ಮೂಳೆ ಜಾರಿದ್ದರೆ ಅದಕ್ಕೆ ಕಾರಣ ಇರುತ್ತದೆ, ಇಲ್ಲದಿದ್ದರೆ ಸಾಮಾನ್ಯವಾಗಿ ಬೇಕಿರುವುದಿಲ್ಲ.

ಇನ್ನೊಂದು ಮಾತು: ಈ ಆಪರೇಷನ್ ಕಾಲಿನ ನೋವಿಗೆ, ಸೊಂಟದ ನೋವಿಗಲ್ಲ. ಕಾಲಿಗಿಂತ ಸೊಂಟವೇ ಜಾಸ್ತಿ ನೋಯುತ್ತಿರುವವರು ಆಪರೇಷನ್ ನಂತರ ಅತೃಪ್ತರಾಗುವುದು ಇದಕ್ಕೇ. ಅದೇ ಜಾಗದಲ್ಲಿ ಡಿಸ್ಕ್ ಮತ್ತೆ ಚಾಚುವುದೂ ಉಂಟು, ಸೋಂಕಿನ ಅಪಾಯವೂ ಸ್ವಲ್ಪ ಇದೆ.

ನೀವು ಯಾವ ವಾರದಲ್ಲಿದ್ದೀರಿ

ಮೊದಲ ಆರು ವಾರದಲ್ಲಿದ್ದರೆ: ಓಡಾಟ, ನೋವಿನ ದಿಕ್ಕು ನೋಡಿಕೊಂಡು ವ್ಯಾಯಾಮ, ಅಗತ್ಯಕ್ಕೆ ತಕ್ಕಷ್ಟು ಮಾತ್ರೆ. ಸ್ಕ್ಯಾನ್ ಬೇಡ. ಆರರಿಂದ 12 ವಾರದಲ್ಲಿದ್ದು ನೋವು ಇಳಿಯುತ್ತಿದ್ದರೆ ಅದನ್ನೇ ಮುಂದುವರಿಸಿ. ಇಳಿಯದಿದ್ದರೆ ಸ್ಕ್ಯಾನ್ ಮಾಡಿಸಿ, ಇಂಜೆಕ್ಷನ್ ಮತ್ತು ಆಪರೇಷನ್ ಎರಡರ ಬಗ್ಗೆಯೂ ಒಂದೇ ಸಲ ಮಾತಾಡಿ. ನಾಲ್ಕು ತಿಂಗಳು ದಾಟಿದ್ದರೆ ಶಸ್ತ್ರವೈದ್ಯರನ್ನು ಕಾಣದೆ ಇನ್ನೊಂದು ಹೊಸ ಮಾತ್ರೆಗೆ ಹೋಗಬೇಡಿ.

ಶಕ್ತಿಯ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಗೋಡೆ ಹಿಡಿದು ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಿನ ಮೇಲೆ ಹತ್ತು ಹೆಜ್ಜೆ. ನೋಯುವ ಕಾಲೊಂದರ ಮೇಲೆ ನಿಂತು ಹಿಮ್ಮಡಿ ಎಷ್ಟು ಸಲ ಎತ್ತುತ್ತೀರಿ ಎಂದು ಎಣಿಸಿ, ಇನ್ನೊಂದು ಕಾಲಿಗೆ ಹೋಲಿಸಿ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿದು, ಅದನ್ನು ಬೇರೆಯವರು ಒತ್ತಿ ಇಳಿಸುತ್ತಾರಾ ನೋಡಿ. ದಿನಾ ಒಂದೇ ಹೊತ್ತಿಗೆ ಮಾಡಿ ಬರೆದಿಡಿ. ನಿನ್ನೆ ಎಂಟು ಸಲ ಎತ್ತಿದ ಹಿಮ್ಮಡಿ ಇವತ್ತು ಮೂರಕ್ಕೆ ನಿಂತರೆ ಮೇಲಿನ ವಾರಗಳ ಲೆಕ್ಕವೆಲ್ಲ ರದ್ದು, ಅವತ್ತೇ ವೈದ್ಯರನ್ನು ಕಾಣಬೇಕು. ನೋವು ಇದ್ದಕ್ಕಿದ್ದಂತೆ ಮಾಯವಾಗಿ ಅದೇ ಹೊತ್ತಿಗೆ ಪಾದ ಸೋತರೆ ಅದನ್ನು ವಾಸಿಯಾಯಿತು ಎಂದುಕೊಳ್ಳಬೇಡಿ. ನರ ಸೋಲುತ್ತಿರುವಾಗಲೂ ನೋವು ನಿಲ್ಲಬಹುದು.

ಚೇತರಿಕೆಗೂ ಒಂದು ಕ್ರಮ ಇದೆ. ಯಾವ ದಾರಿ ಹಿಡಿದರೂ ಸಾಮಾನ್ಯವಾಗಿ ಮೊದಲು ಹೋಗುವುದು ಕಾಲಿನ ನೋವು. ಶಕ್ತಿ ನಿಧಾನವಾಗಿ ಮರಳುತ್ತದೆ. ಜೋಮು ಕೊನೆಗೆ, ತಿಂಗಳುಗಳ ನಂತರ, ಕೆಲವರಿಗೆ ಪೂರ್ತಿ ಹೋಗುವುದೂ ಇಲ್ಲ. ನೋವು ಹೋಗಿ, ಕಾಲು ಗಟ್ಟಿಯಾಗಿ, ಕಿರುಬೆರಳಿನಲ್ಲಿ ಮಾತ್ರ ಸ್ವಲ್ಪ ಜೋಮು ಉಳಿದಿದ್ದರೆ ಅದೊಂದಕ್ಕಾಗಿ ಹೊಸ ಇಂಜೆಕ್ಷನ್ನೋ ಎರಡನೇ ಆಪರೇಷನ್ನೋ ಹುಡುಕಿಕೊಂಡು ಹೋಗಬೇಡಿ. ನನ್ನ ಎಡಗಾಲಿನ ಕಿರುಬೆರಳು ಈಗಲೂ ಸ್ವಲ್ಪ ಪರಕೀಯ. ಚಪ್ಪಲಿ ಹಾಕುವಾಗಷ್ಟೇ ನೆನಪಾಗುತ್ತದೆ.